ಅಟ್ಟದ ಮೇಲಿನ ಎರಡು ತಂತಿ

ಗೇಲನ್ ಮೇಬ್ರಿಯ ಮೂವತ್ತೊಂದು ವರ್ಷದ ಹೆಸರು ಮಣ್ಣುಪಾಲಾಗಲು ನಾಲ್ಕೇ ನಿಮಿಷ ಸಾಕಾಯಿತು. ಅದೂ ಹೈಸ್ಕೂಲಿನ ಊಟದ ಕೋಣೆಯಲ್ಲಿ, ಮಕ್ಕಳ ಗಿಡ್ಡ ಬೆಂಚಿನ ಮೇಲೆ ಮೊಣಕಾಲು ಎದೆಗೆ ತಾಗುವಂತೆ ಅವನು ಮುದುರಿ ಕೂತಿದ್ದಾಗ.

ವಕಾಸಾ ಕೌಂಟಿಯ ಏಸಿ ಮೆಕ್ಯಾನಿಕ್ಕರೆಲ್ಲ ಎರಡು ವರ್ಷಕ್ಕೊಮ್ಮೆ ಲೈಸೆನ್ಸು ನವೀಕರಿಸಿಕೊಳ್ಳಬೇಕು, ಅದಕ್ಕಾಗಿ ಸಂಜೆ ತರಗತಿಗೆ ಬಂದು ಕೂರಬೇಕು. ಆ ಸಲ ಪಾಠ ಹೇಳಲು ಬಂದವನು ವರ್ಲನ್ ಸ್ಟಕಿ. ಕೌಂಟಿಯ ಇನ್‌ಸ್ಪೆಕ್ಟರಾಗಿ ಹೊಸದಾಗಿ ನಿವೃತ್ತನಾಗಿದ್ದ. ತನಗೆ ಸರಿಕಾಣದ ಕೆಲಸಕ್ಕೆ ಕೆಂಪು ಚೀಟಿ ಅಂಟಿಸುವಾಗ ಅವನ ಕೈ ಒಮ್ಮೆಯೂ ನಡುಗಿದ್ದಿಲ್ಲ ಎಂದು ಊರಿಗೆ ಊರೇ ಹೇಳುತ್ತಿತ್ತು. ಅಂದಿನ ವಿಷಯ ತೇಲುಸ್ವಿಚ್ಚು. ಏಸಿ ಯಂತ್ರ ಅಟ್ಟದ ಮೇಲೆ ಕೂತು ಫ್ಲಾರಿಡಾದ ಗಾಳಿಯಿಂದ ದಿನಕ್ಕೊಂದು ಬಕೆಟ್ ನೀರು ಹಿಂಡುತ್ತದೆ. ಆ ನೀರು ಹೊರಹೋಗುವ ಕೊಳವೆಯಲ್ಲಿ ಪಾಚಿ ಕಟ್ಟಿಕೊಂಡರೆ ಯಂತ್ರದ ಕೆಳಗಿನ ತಗಡಿನ ತಟ್ಟೆ ತುಂಬುತ್ತದೆ. ಆಗ ತಟ್ಟೆಯ ಅಂಚಿನಲ್ಲಿರುವ ಹೆಬ್ಬೆರಳು ಗಾತ್ರದ ಬೆಂಡು ತೇಲಿ ಮೇಲೆದ್ದು, ಎರಡು ತಂತಿಗಳ ನಡುವಿನ ಕರೆಂಟನ್ನು ಕಡಿಯುತ್ತದೆ. ಯಂತ್ರ ನಿಲ್ಲುತ್ತದೆ, ಕೆಳಗಿನ ಚಾವಣಿ ಉಳಿಯುತ್ತದೆ.

ವರ್ಲನ್ ಪರದೆಯ ಮೇಲೆ ಒಂದು ಫೋಟೋ ಹಾಕಿದ. ಯಾರದೋ ಮನೆಯ ತೇಲುಸ್ವಿಚ್ಚು. ಕೆಲಸ ಮಾಡಿದವನ ಹೆಸರನ್ನು ಮುಚ್ಚಿದ್ದ. ಆದರೆ ಪಕ್ಕದಲ್ಲಿ ಅಂಟಿಸಿದ್ದ ಚೀಟಿಯ ಬರಹ ಕಾಣುತ್ತಿತ್ತು. ಬರೆಯುತ್ತಾ ಹೋದ ಕೈಯೇ ಒರೆಸುತ್ತಾ ಹೋದಂಥ ಆ ಮಸಕು ಅಕ್ಷರ ಯಾರದೆಂದು ಕೋಣೆಯಲ್ಲಿದ್ದ ನಲವತ್ತು ಜನರಿಗೂ ಗೊತ್ತಿತ್ತು.

"ಆಗಸ್ಟ್ ತಿಂಗಳಲ್ಲಿ ಈ ಮನೆಯವರ ಏಸಿ ಸುಮ್‌ಸುಮ್ನೆ ನಿಂತ್‌ಹೋಯ್ತು. ತಟ್ಟೇಲಿ ಒಂದು ಹನಿ ನೀರಿರಲಿಲ್ಲ. ಈ ಕೆಲಸದಲ್ಲಿ ತಪ್ಪೇನು, ಯಾರ್ ಹೇಳ್ತೀರಿ?" ಎಂದು ವರ್ಲನ್ ಕೇಳಿದ.

ಗೇಲನ್ ಫೋಟೋವನ್ನು ಅಂಗುಲ ಅಂಗುಲವಾಗಿ ನೋಡಿದ. ಕತ್ತರಿಸಬೇಕಾದದ್ದು ಕೆಂಪು ತಂತಿ, ಕತ್ತರಿಸಿದ್ದು ಕೆಂಪು ತಂತಿಯೇ. ಸ್ವಿಚ್ಚು ನಡುವೆ ಬಂದಿದೆ. ಜೋಡಣೆಗಳ ಮೇಲೆ ತಿರುಗಿಸಿ ಬಿಗಿಯುವ ಪ್ಲಾಸ್ಟಿಕ್ ಟೊಪ್ಪಿಗಳಿವೆ. ತಪ್ಪು ಎಲ್ಲಿದೆ? ಹಿಂದಿನ ಬೆಂಚಿನಿಂದ ಯಾರೋ ಕಿಸಕ್ಕೆಂದರು. ಗೇಲನ್ ಎದ್ದು ನಿಂತ.

"ಕೂತ್ಕೊಳಯ್ಯಾ ಗೇಲನ್. ಸಣ್ಣ ವಿಷ್ಯ. ಅರ್ಧ ನಿಮಿಷದಲ್ಲಿ ಮುಗ್ಯತ್ತೆ," ಎಂದ ವರ್ಲನ್.

"ನಿನ್ ಅರ್ಧ ನಿಮಿಷ ನೀನೇ ಇಟ್ಕೊ," ಎಂದು ಗೇಲನ್ ಹೊರಟ. ಬಾಗಿಲನ್ನು ದಡಾರನೆ ಬಡಿಯಬೇಕೆಂದಿದ್ದ. ಅದು ನಿಧಾನವಾಗಿ ಮುಚ್ಚಿಕೊಳ್ಳುವ ಬಾಗಿಲು. ಉಸ್ಸೆನ್ನುತ್ತ ಅದು ಮುಚ್ಚುವಷ್ಟರಲ್ಲಿ ಅವನು ಕಾರಿನ ಹತ್ತಿರ ತಲುಪಿದ್ದ.

ಉಳಿದ ಪಾಠಗಳನ್ನು ಅಂಚೆಯಲ್ಲಿ ಮುಗಿಸಿ ಲೈಸೆನ್ಸು ಉಳಿಸಿಕೊಂಡ. ಹೆಸರು ಉಳಿಯಲಿಲ್ಲ. ಬಿಡಿಭಾಗದ ಅಂಗಡಿಗೆ ಹೋದರೆ ಗಲ್ಲೆಯ ಹಿಂದಿನ ಓಡೆಲ್ ಅವನನ್ನು ಕಂಡಕೂಡಲೇ ತೋರುಬೆರಳನ್ನು ಗಾಳಿಯಲ್ಲಿ ಗಿರ್ರನೆ ಸುತ್ತಿಸುತ್ತಿದ್ದ. ಕಾಫಿ ಹಿಡಿದು ನಿಂತವರೂ ಸುತ್ತಿಸುತ್ತಿದ್ದರು.

"ಬಾರಪ್ಪ ದೊಡ್ಮನುಷ್ಯ! ಟೊಪ್ಪಿ ಬೇಕಾ? ಬಿಗಿಯಾಗ್ ಕೂರೋವು ಬಂದಿವೆ."

"ನನ್ ತಲೆ ನೆಟ್ಟಗೇ ಇದೆ, ಓಡೆಲ್."

"ತಲೆ ವಿಷ್ಯ ಯಾರಯ್ಯಾ ಎತ್ತಿದ್ದು?" ಎಂದ ಓಡೆಲ್. ಅಂಗಡಿಯೆಲ್ಲ ನಕ್ಕಿತು.

ವರ್ಲನ್ ಎರಡು ಸಲ ಫೋನ್ ಮಾಡಿ ಸಂದೇಶ ಬಿಟ್ಟಿದ್ದ. ಗೇಲನ್ ಕೇಳದೆಯೇ ಅಳಿಸಿ ಹಾಕಿದ. ಹೆಂಡತಿ ಟ್ವೈಲಾ ಅದನ್ನು ಎರಡು ಸಲವೂ ನೋಡಿದಳು.

"ಒಂದ್ಸಲ ಅವನನ್ನೇ ಕೇಳ್‌ಬಿಡಬಾರದಾ, ತಪ್ಪೇನು ಅಂತ?"

"ಇಲ್ಲದ ತಪ್ಪನ್ನ ಏನಂತ ಕೇಳ್ಲಿ?"

"ಹಾಗಂತನೇ ಕೇಳು."

ಅವನು ಕೇಳಲಿಲ್ಲ. ಅದರ ಬದಲು ಯೋಚಿಸತೊಡಗಿದ. ಯೋಚಿಸಿದಷ್ಟೂ ಒಂದು ಸಂಗತಿ ಕಣ್ಣಮುಂದೆ ಬಂದು ನಿಲ್ಲುತ್ತಿತ್ತು. ಅದು ವರ್ಲನ್ ಸ್ಟಕಿಯ ರೈಲು.

ಅದನ್ನು ಯಾರಾದರೂ ಆಟಿಕೆ ರೈಲು ಎಂದು ಕರೆದರೆ ವರ್ಲನ್‌ಗೆ ಸಿಟ್ಟು ಬರುತ್ತಿತ್ತು. ಮನೆಯ ಹಿಂದಿನ ಕೋಣೆಯಲ್ಲಿ, ಪಿಂಗ್‌ಪಾಂಗ್ ಟೇಬಲ್ಲಿಗಿಂತ ದೊಡ್ಡ ಹಲಗೆಯ ಮೇಲೆ, ಅವನು ಇಪ್ಪತ್ತೆರಡು ವರ್ಷದಿಂದ ತಮ್ಮ ಊರನ್ನೇ ಕಟ್ಟುತ್ತಿದ್ದ. ತಾನು ಹುಡುಗನಾಗಿದ್ದ ಕಾಲದ ಊರು. ರೈಲು ನಿಲ್ದಾಣ, ಕಿತ್ತಳೆ ತುಂಬುವ ಷೆಡ್ಡು, ದೀಪ ಹತ್ತುವ ಚರ್ಚು, ಎಲ್ಲವೂ ರಟ್ಟು, ಅಂಟು, ಬಣ್ಣದಿಂದ ಮಾಡಿದವು. ಆ ಕೋಣೆಯ ನೆತ್ತಿಯ ಮೇಲೆ ಸರಿಯಾಗಿ, ಅಟ್ಟದಲ್ಲಿ, ವರ್ಲನ್‌ನ ಏಸಿ ಯಂತ್ರ ಕೂತಿತ್ತು. ಅದನ್ನು ಗೇಲನ್‌ಗೆ ಹೇಳಿದ್ದು ವರ್ಲನ್ನೇ. ತರಗತಿಯ ಆರಂಭದಲ್ಲಿ, ತೇಲುಸ್ವಿಚ್ಚಿನ ಮಹಿಮೆ ಹೊಗಳುವಾಗ ನಲವತ್ತು ಜನರ ಮುಂದೆ ಹೇಳಿದ್ದ: "ನನ್ ಇಪ್ಪತ್ತೆರಡು ವರ್ಷ ಆ ಬೆಂಡಿನ ಮೇಲೆ ತೇಲ್ತಾ ಇದೆ."

ಯೋಜನೆಯ ಸೊಬಗು ಗೇಲನ್‌ನನ್ನೇ ಬೆರಗುಗೊಳಿಸಿತು. ಕೊಳವೆಗೆ ಪಾಚಿ ತುಂಬಬೇಕು. ಸ್ವಿಚ್ಚಿಗೆ ಹೋಗುವ ಎರಡು ತಂತಿಗಳನ್ನು ಬಿಚ್ಚಿ, ಒಂದಕ್ಕೊಂದು ನೇರವಾಗಿ ಜೋಡಿಸಿಬಿಡಬೇಕು. ಆಮೇಲೆ ಬೆಂಡು ಎಷ್ಟು ತೇಲಿದರೂ ಯಂತ್ರಕ್ಕೆ ಸುದ್ದಿ ಮುಟ್ಟುವುದಿಲ್ಲ. ತಟ್ಟೆ ತುಂಬಿ ಚಾವಣಿ ನೆನೆಯುತ್ತದೆ, ನೆನೆದ ಚಾವಣಿ ಊರಿನ ಮೇಲೆ ಬೀಳುತ್ತದೆ. ಸೋಮಾರಿ ಮೆಕ್ಯಾನಿಕ್ಕರು ತೇಲುಸ್ವಿಚ್ಚಿನ ಕಾಟ ತಪ್ಪಿಸಿಕೊಳ್ಳಲು ಮಾಡುವ ಹಳೆಯ ಕಳ್ಳಕೆಲಸವೇ ಇದು. ಕೌಂಟಿಗೆಲ್ಲ ಕೆಂಪು ಚೀಟಿ ಹಂಚಿದವನ ಸ್ವಂತ ಅಟ್ಟದಲ್ಲಿ ಅದು ಸಿಕ್ಕರೆ! ನಾನಲ್ಲ ಎಂದು ವರ್ಲನ್ ಹೇಳಿಯೇ ಹೇಳುತ್ತಾನೆ. ಸಿಕ್ಕಿಬಿದ್ದವರೆಲ್ಲ ಹಾಗೆಯೇ ಹೇಳುವುದು. ಓಡೆಲ್‌ನ ಬೆರಳು ಇನ್ನು ಯಾರ ಕಡೆ ಸುತ್ತುತ್ತದೋ ನೋಡೋಣ.

ಪಾಚಿಯನ್ನು ಮೂರು ವಾರ ಸಂಗ್ರಹಿಸಿದ. ಒಂದೇ ಮನೆಯದಾದರೆ ಬಣ್ಣ ಒಂದೇ ಇರುತ್ತದೆ, ಅನುಮಾನ ಬರಬಹುದು ಎಂದು ಐದು ಮನೆಗಳ ಕೊಳವೆಗಳಿಂದ ತೆಗೆದು, ಮೇಯನೇಸ್ ಬಾಟಲಿಯಲ್ಲಿ ತುಂಬಿ, ಕೆಡದಿರಲೆಂದು ಫ್ರಿಜ್ಜಿನಲ್ಲಿಟ್ಟ.

"ಇದೇನಿದು, ಪೇರಳೆ ಜೆಲ್ಲಿನಾ?" ಎಂದಳು ಟ್ವೈಲಾ.

"ಮುಟ್ಬೇಡ. ಕೆಲಸದ್ದು."

"ಮುಟ್ಬೇಡಾನಾ? ನಿನ್ನೆ ರೊಟ್ಟಿಗೆ ಹಚ್ಚೋಕೆ ಚಮಚ ಹಾಕಿದ್ದೆ ಕಣೋ. ವಾಸ್ನೆ ನೋಡಿ ಬಿಟ್ಟೆ."

ದಿನವನ್ನು ಆರಿಸಿಕೊಟ್ಟದ್ದು ಚರ್ಚಿನ ಪ್ರಕಟಣೆ. ಸ್ಟಕಿ ದಂಪತಿ ಮೊಮ್ಮಗಳ ದೀಕ್ಷಾಸ್ನಾನಕ್ಕೆ ಗುರುವಾರ ಬೆಳಿಗ್ಗೆ ಜಾರ್ಜಿಯಾಗೆ ಹೊರಟು ಭಾನುವಾರ ಸಂಜೆ ಮರಳುತ್ತಾರೆ, ಅವರ ಪ್ರಯಾಣಕ್ಕಾಗಿ ಪ್ರಾರ್ಥಿಸಿ ಎಂದು ಅಚ್ಚು ಹಾಕಿಸಿದ್ದರು. ಗೇಲನ್ ಮನಃಪೂರ್ವಕವಾಗಿ ಪ್ರಾರ್ಥಿಸಿದ.

ಗುರುವಾರ ಮಧ್ಯಾಹ್ನ ಒಂದಕ್ಕೆ ಹೋದ. ರಾತ್ರಿ ಹೋದರೆ ನೆರೆಮನೆಯ ನಾಯಿ ಬೊಗಳುತ್ತದೆ. ಆಗಸ್ಟ್ ಮಧ್ಯಾಹ್ನ ಏಸಿಯವನ ವ್ಯಾನು ಯಾರ ಮನೆಯ ಮುಂದೆ ನಿಂತಿದ್ದರೂ ಯಾರೂ ಪರದೆ ಸರಿಸಿ ನೋಡುವುದಿಲ್ಲ, ಅಯ್ಯೋ ಪಾಪ ಎಂದುಕೊಳ್ಳುತ್ತಾರೆ. ಆದರೂ ವ್ಯಾನನ್ನು ಹಿಂದಿನ ಬೀದಿಯಲ್ಲಿ ಬಿಟ್ಟ. ಸ್ಟಕಿಯವರು ಬೆಕ್ಕು ಓಡಾಡಲೆಂದು ಗ್ಯಾರೇಜಿನ ಬಾಗಿಲನ್ನು ಸದಾ ಒಂದಡಿ ಎತ್ತಿಟ್ಟಿರುತ್ತಿದ್ದರು. ಗೇಲನ್‌ನ ಹೊಟ್ಟೆ ಒಂದಡಿಗೆ ಸ್ವಲ್ಪ ಹೆಚ್ಚು. ಉಸಿರು ಹೊರಹಾಕಿ ನುಸುಳಿದ. ಬೆಕ್ಕು ಕೂತು ನೋಡುತ್ತಿತ್ತು.

ಬೂಟಿನ ಮೇಲೆ ಕಾಲುಚೀಲ ಹಾಕಿಕೊಂಡಿದ್ದ. ಕೈಗೆ ತೆಳು ರಬ್ಬರಿನ ಕೈಗವಸು. ಗ್ಯಾರೇಜಿನ ಚಾವಣಿಯಲ್ಲಿದ್ದ ಮಡಚು ಏಣಿಯನ್ನು ಎಳೆದು ಅಟ್ಟ ಹತ್ತಿದ. ಮೇಲೆ ಒಲೆಯೊಳಗೆ ತಲೆ ಹಾಕಿದಂತಿತ್ತು. ಯಂತ್ರ ಸಣ್ಣಗೆ ನಡುಗುತ್ತ ಗುಂಯ್‌ಗುಡುತ್ತಿತ್ತು. ಕೊಳವೆಗೆ ಪಾಚಿಯನ್ನು ಚಮಚ ಚಮಚವಾಗಿ ತುಂಬಿ ಕಡ್ಡಿಯಿಂದ ಒತ್ತಿದ. ಕರೆಂಟು ತೆಗೆದು, ಸ್ವಿಚ್ಚಿನ ಎರಡು ಕೆಂಪು ತಂತಿ ಬಿಚ್ಚಿ, ತುದಿಗಳನ್ನು ಅರ್ಧ ಅಂಗುಲ ಸುಲಿದು, ಎರಡನ್ನೂ ಸೇರಿಸಿ ಇಕ್ಕಳದಿಂದ ಎಂದಿನಂತೆ ನಾಲ್ಕು ಸುತ್ತು ಹುರಿ ಹಾಕಿದ. ಮೇಲೊಂದು ಟೊಪ್ಪಿ ಕೂರಿಸಿ ತಿರುಗಿಸಿದ. ಮತ್ತೆ ಕರೆಂಟು ಹಾಕಿದ. ಯಂತ್ರ ಏನೂ ಆಗದಂತೆ ಶುರುವಾಯಿತು. ಸುಲಿದ ಸಿಪ್ಪೆಯ ಚೂರುಗಳನ್ನು ಒಂದೊಂದಾಗಿ ಹೆಕ್ಕಿ ಜೇಬಿಗೆ ಹಾಕಿಕೊಂಡ. ಟೊಪ್ಪಿಯ ಬಣ್ಣ ಕೂಡ ತಾನು ದಿನಾ ಬಳಸುವ ಹಳದಿಯಲ್ಲ, ಬೇಕೆಂದೇ ಬೇರೆ ಊರಿನ ಅಂಗಡಿಯಿಂದ ತಂದ ನೀಲಿ. ಮೂವತ್ತೊಂದು ವರ್ಷದಲ್ಲಿ ಎರಡು ತಂತಿಯನ್ನು ಅವನು ಇಷ್ಟು ಮುತುವರ್ಜಿಯಿಂದ ಜೋಡಿಸಿರಲಿಲ್ಲ. ಯಾವ ಇನ್‌ಸ್ಪೆಕ್ಟರೂ ಬೆರಳು ತೋರುವಂತಿರಲಿಲ್ಲ.

ಶುಕ್ರವಾರ ಊಟಕ್ಕೆ ಕೂತು, ಈಗ ತಟ್ಟೆ ತುಂಬಿರುತ್ತದೆ ಎಂದುಕೊಂಡ. ಶನಿವಾರ ಹುಲ್ಲು ಕತ್ತರಿಸುತ್ತ, ಈಗ ಕಿತ್ತಳೆ ಷೆಡ್ಡು ಹೋಗಿರುತ್ತದೆ ಎಂದುಕೊಂಡ. ಭಾನುವಾರ ಚರ್ಚಿನಲ್ಲಿ ಎಲ್ಲರಿಗಿಂತ ಜೋರಾಗಿ ಹಾಡಿದ. ಟ್ವೈಲಾ ಅವನ ಹಣೆ ಮುಟ್ಟಿ ನೋಡಿದಳು.

ಸೋಮವಾರ ಬೆಳಿಗ್ಗೆ ಫೋನು ಬಂತು. ವರ್ಲನ್.

"ಗೇಲನ್, ನನ್ನ ಏಸಿ ಕೈಕೊಟ್ಟಿದೆ ಕಣಯ್ಯಾ. ಸ್ವಲ್ಪ ಬಂದು ಹೋಗ್ತೀಯಾ?"

"ನೀನಿದ್ದೂ ನಾನ್ಯಾಕೆ?"

"ಇದಕ್ಕೆ ನೀನೇ ಆಗ್ಬೇಕು."

ಈ ಮಾತು ಕೇಳಲು ಗೇಲನ್ ಆ ತರಗತಿಯ ದಿನದಿಂದಲೂ ಕಾದಿದ್ದ ಎಂದರೂ ತಪ್ಪಿಲ್ಲ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡ. ಮುಖಕ್ಕೆ ಎಷ್ಟು ದುಃಖ ಇರಬೇಕೆಂದು ಕನ್ನಡಿಯಲ್ಲಿ ನೋಡಿಕೊಂಡು ಹೊರಟ.

ವರ್ಲನ್‌ನ ಹೆಂಡತಿ ನಡೀನ್ ಬಾಗಿಲು ತೆಗೆದಳು. ಮನೆಯೊಳಗೆ ಬೀದಿಗಿಂತ ಹೆಚ್ಚು ಸೆಕೆ. ಅವಳು ಚರ್ಚಿನ ರಟ್ಟಿನ ಬೀಸಣಿಗೆಯಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು. ಅಡುಗೆಮನೆಯಲ್ಲಿ ಸಮವಸ್ತ್ರ ತೊಟ್ಟ ದೃಢಕಾಯದ ಪೊಲೀಸನೊಬ್ಬ ಸಿಹಿ ಚಹಾದ ಲೋಟ ಹಿಡಿದು ಕೂತಿದ್ದ.

"ನಮ್ಮಕ್ಕನ ಮಗ, ಡೆಪ್ಯುಟಿ. ಹೀಗೇ ಬಂದಿದ್ದಾನೆ," ಎಂದಳು ನಡೀನ್. ನೆನೆದ ರೈಲಿನ ಹಲಗೆ ಎತ್ತಿ ಹೊರಗೆ ಹಾಕಲು ಆಳು ಬೇಕಲ್ಲ ಎಂದು ಗೇಲನ್‌ಗೆ ಸರಿಯೆನಿಸಿತು.

ವರ್ಲನ್ ಅವನನ್ನು ಹಿಂದಿನ ಕೋಣೆಗೆ ಕರೆದೊಯ್ದ. ಗೇಲನ್ ಮುಖದ ಮೇಲೆ ದುಃಖವನ್ನು ಸಿದ್ಧ ಮಾಡಿಟ್ಟುಕೊಂಡಿದ್ದ.

ಚಾವಣಿ ಬೆಳ್ಳಗಿತ್ತು. ಊರು ಒಣಗಿತ್ತು. ಚರ್ಚಿನ ದೀಪ ಹತ್ತಿತ್ತು. ಪುಟ್ಟ ರೈಲು ಕಿತ್ತಳೆ ಷೆಡ್ಡನ್ನು ಸುತ್ತಿ ಬಂದು ನಿಲ್ದಾಣದಲ್ಲಿ ನಿಂತಿತು.

"ನೀನು ಇದನ್ನ ನೋಡೇ ಇಲ್ಲ ಅಲ್ವಾ? ಇಲ್ನೋಡು," ಎಂದು ವರ್ಲನ್ ಬಗ್ಗಿದ. ನಿಲ್ದಾಣದ ಪಕ್ಕದಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಕೆಂಪು ಅಂಗಡಿ. ಮೇಲೆ ಬಿಳಿ ಅಕ್ಷರದಲ್ಲಿ ಮೇಬ್ರಿ ಐಸ್ ಎಂದಿತ್ತು. ಬಾಗಿಲಲ್ಲಿ ಅಕ್ಕಿಕಾಳಿನಷ್ಟು ಎತ್ತರದ ಮನುಷ್ಯ. "ನಿಮ್ಮಪ್ಪ. ಆ ಕೆಂಪು ಬಣ್ಣ ಹೊಂದಿಸೋಕೆ ಮೂರು ವರ್ಷ ಹಿಡೀತು."

ಗೇಲನ್ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ. ಸೆಕೆಗೆ ಎಂದುಕೊಂಡ.

"ತಟ್ಟೇಲಿ ನೀರಿಲ್ವಾ?" ಎಂದು ಕೇಳಿದ.

"ನೀರಿರ್ಬೇಕಿತ್ತಾ?" ಎಂದ ವರ್ಲನ್. ಮೆತ್ತಗೆ ಜೇಬಿನಿಂದ ಎರಡು ತುಂಡು ಕೆಂಪು ತಂತಿ ಮತ್ತು ಇಕ್ಕಳ ತೆಗೆದ. "ಈಚೆಗೆ ನಂಗೆ ಕೈ ನಡುಗತ್ತೆ. ಇವೆರಡನ್ನ ಹುರಿ ಹಾಕಿ ಕೊಡು."

ಬಾಗಿಲಲ್ಲಿ ಡೆಪ್ಯುಟಿ ಚಹಾದ ಲೋಟದೊಂದಿಗೆ ಬಂದು ನಿಂತಿದ್ದ. ಗೇಲನ್ ಇಕ್ಕಳವನ್ನು ಎಡಗೈಯಲ್ಲಿ ಹಿಡಿದು, ನೋಡುವವರಿದ್ದಾರೆಂದು ಇನ್ನಷ್ಟು ಅಚ್ಚುಕಟ್ಟಾಗಿ, ನಾಲ್ಕು ಸುತ್ತು ಹುರಿ ಹಾಕಿ ಕೊಟ್ಟ.

ವರ್ಲನ್ ಇನ್ನೊಂದು ಜೇಬಿನಿಂದ ಅಟ್ಟದಲ್ಲಿ ಸಿಕ್ಕ ತಂತಿಗಳನ್ನೂ ನೀಲಿ ಟೊಪ್ಪಿಯನ್ನೂ ತೆಗೆದು, ಹೊಸ ಹುರಿಯ ಪಕ್ಕದಲ್ಲಿ, ಮೇಬ್ರಿ ಐಸಿನ ಮುಂದೆ ಇಟ್ಟ. "ಆವತ್ತು ಫೋಟೋದಲ್ಲಿದ್ದದ್ದೂ ಇದೇ," ಎಂದ. "ಎಡಗೈಯವನು ನೀನು, ಎಡಕ್ಕೆ ಸುತ್ತುತ್ತೀಯ. ಟೊಪ್ಪಿ ತಿರುಗೋದು ಬಲಕ್ಕೆ. ಅದು ಬಿಗಿಯಾದಷ್ಟೂ ಒಳಗಿನ ಹುರಿ ಬಿಚ್ಚತ್ತೆ. ಯಂತ್ರ ಒಂದಿಷ್ಟು ನಡುಗಿದ್ರೆ ತಂತಿ ಬೇರೆಯಾಗಿ ಕರೆಂಟು ನಿಲ್ಲತ್ತೆ. ಗುರುವಾರ ಸಂಜೆನೇ ನಿಂತಿದೆ, ಗೋಡೆ ಗಡಿಯಾರದ ಪಕ್ಕದಲ್ಲಿ ಏಸಿಯ ಹೊತ್ತು ಬರೆದಿಡೋ ಪೆಟ್ಟಿಗೆ ಹೇಳ್ತು. ಈ ಕೌಂಟಿಯಲ್ಲಿ ಎಡಕ್ಕೆ ಸುತ್ತೋನು ನೀನೊಬ್ಬನೇ ಕಣಯ್ಯಾ." ಡೆಪ್ಯುಟಿ ಲೋಟವನ್ನು ಕೆಳಗಿಟ್ಟ. ಬಿಸಿಲಲ್ಲಿ ಬೆಂದ ಆ ಮನೆಯಲ್ಲಿ ಗೇಲನ್ ಎರಡು ಹುರಿಗಳನ್ನೂ ಅಂಗುಲ ಅಂಗುಲವಾಗಿ ನೋಡಿದ. ಓಡೆಲ್‌ನ ಬೆರಳು ಯಾವ ಕಡೆಗೆ ಸುತ್ತುತ್ತಿತ್ತು ಎಂಬುದು ಅವನಿಗೆ ಆಗ ನೆನಪಾಯಿತು.