ನೆಲವೇ ಡೊಂಕಿದ್ದರೆ?

ಪರದೆ ಕಪ್ಪಾಯಿತು.

"ಮತ್ತೆ!" ಉದ್ದಣ್ಣ ಕಿರುಚಿದ. "ಮತ್ತೆ ಆಫ್ ಮಾಡಿದ್ಯಾ, ಮೊಂಡಿ?"

ಮೊಂಡಿ ಕೀಬೋರ್ಡಿನಿಂದ ಎತ್ತಿದ ಕೈಯನ್ನು ಗಾಳಿಯಲ್ಲೇ ಹಿಡಿದುಕೊಂಡಳು. ಒಂದು ಕ್ಷಣದ ಹಿಂದೆ ಅಲ್ಲಿ ಇಪ್ಪತ್ತಮೂರು ಸಾಲುಗಳಿದ್ದವು. ಈಗ ಬಾಯಿ ತೆರೆದುಕೊಂಡ ಅವಳದೇ ಮುಖ ಕಾಣುತ್ತಿತ್ತು.

ಐದನೇ ಕ್ಲಾಸಿನ ಗೋಡೆ ಪತ್ರಿಕೆಗೆ ಚಿತ್ರ ಬಿಡಿಸುವವನು ಉದ್ದಣ್ಣ, ಟೈಪ್ ಮಾಡುವವಳು ಮೊಂಡಿ. ಕ್ಲಾಸಿನಲ್ಲಿ ಎಲ್ಲರಿಗಿಂತ ಎತ್ತರ ಇದ್ದದ್ದಕ್ಕೆ ಅವನು ಉದ್ದಣ್ಣ. ಹಿಡಿದ ಪಟ್ಟು ಬಿಡದ್ದಕ್ಕೆ ಅವಳು ಮೊಂಡಿ. ಆ ಹೆಸರನ್ನು ಇಟ್ಟವಳು ಅಮ್ಮ, ಶಾಲೆಯ ತನಕ ಹೊತ್ತು ತಂದವನು ಉದ್ದಣ್ಣ.

ಹೋದದ್ದು ಆಯಾ ಅವರ ಪುಟ. ಶಾಲೆಯ ಗಂಟೆ ಹೊಡೆಯುವ ಆಯಾ ಜೊತೆ ಎರಡು ದಿನ ಕೂತು, ಪ್ರಶ್ನೆ ಕೇಳಿ, ಮೊಂಡಿಯೇ ಬರೆದುಕೊಂಡಿದ್ದ ಸಂದರ್ಶನ. "ನನ್ನ ಫೋಟೋನೂ ಬರುತ್ತೇನಮ್ಮಾ? ಶುಕ್ರವಾರ ಮಗಳು ನೋಡೋಕೆ ಬರ್ತಾಳಂತೆ" ಎಂದು ಆಯಾ ಮೂರು ಸಲ ಕೇಳಿದ್ದರು. ಪತ್ರಿಕೆ ಗೋಡೆಗೇರುವ ಶುಕ್ರವಾರಕ್ಕೆ ಇನ್ನು ಮೂರೇ ದಿನ.

"ನಾನು ಆಫ್ ಮಾಡಿಲ್ಲ. ಅದೇ ಆಯ್ತು," ಎಂದಳು ಮೊಂಡಿ.

"ಅದಕ್ಕೇನು ನಿದ್ದೆ ಬಂತಾ?"

ಆ ಲ್ಯಾಪ್‌ಟಾಪ್ ಶಾಲೆಗೆ ಬಂದು ಎರಡು ವಾರವಾಗಿತ್ತು. ಇಡೀ ಶಾಲೆಗೆ ಅದೊಂದೇ ಹೊಸದು, ಎಲ್ಲರಿಗೂ ಸರದಿ. ಪರದೆ ಕಿಟಕಿಯಷ್ಟು ಅಗಲ. ದಪ್ಪವೋ, ಪರೀಕ್ಷೆ ಬರೆಯುವಾಗ ಇಟ್ಟುಕೊಳ್ಳುವ ರಟ್ಟಿನಷ್ಟು. ಬಂದ ದಿನ ಮಕ್ಕಳೆಲ್ಲ ಸಾಲಾಗಿ ನಿಂತು ಮುಟ್ಟಿ ನೋಡಿದ್ದರು.

ಆದರೆ ಅಷ್ಟು ತೆಳ್ಳಗೆ ಮಾಡುವ ಆತುರದಲ್ಲಿ ಯಾರೋ ಅದರ ಸಾಮಾನನ್ನೆಲ್ಲ ಎಲ್ಲೆಲ್ಲಿಗೋ ತಳ್ಳಿಬಿಟ್ಟಿದ್ದರು. ಪರದೆಯ ಮೇಲಂಚಿನಲ್ಲಿ ಜಾಗ ಸಾಲದೆ ಕ್ಯಾಮೆರಾ ಕೆಳಗಿಳಿದಿತ್ತು. ಬೆರಳು ಆಡಿಸುವ ಪ್ಯಾಡ್ ನಡುವೆ ಇರದೆ, ಮುನಿಸಿಕೊಂಡವರ ಹಾಗೆ ಎಡಕ್ಕೆ ಸರಿದು ಕೂತಿತ್ತು. ಮತ್ತೆ, ಮೂಲೆಯ ಆ ಗುಂಡಿ.

ಹಳೆಯ ದಪ್ಪ ಲ್ಯಾಪ್‌ಟಾಪಿನಲ್ಲಿ ಮೇಲಿನ ಬಲಮೂಲೆಯಲ್ಲಿದ್ದದ್ದು ಡಿಲೀಟ್. ಹೊಸದರಲ್ಲಿ ಅದೇ ಮೂಲೆಯಲ್ಲಿ ಪವರ್. ಡಿಲೀಟ್ ಒಂದು ಮನೆ ಪಕ್ಕಕ್ಕೆ ಹೋಗಿತ್ತು. ಎರಡೂ ಒಂದೇ ಅಳತೆ, ಒಂದೇ ಬಣ್ಣ, ಅವಳಿ ಮಕ್ಕಳ ಹಾಗೆ. ಒಂದು ಅಕ್ಷರ ಅಳಿಸಲು ಕೈ ಹಳೆಯ ಅಭ್ಯಾಸದಲ್ಲಿ ಮೂಲೆಗೆ ಹೋದರೆ ಇಡೀ ಪುಟವೇ ಹೋಗುತ್ತಿತ್ತು.

ಕಂಪ್ಯೂಟರ್ ಮಿಸ್ ಬಂದು ನಿಂತರು. "ಏನಾಯ್ತು?"

ಉದ್ದಣ್ಣ ಪರದೆಯ ಕಡೆ ಬೆರಳು ಮಾಡಿದ.

"ಸೇವ್ ಮಾಡಿದ್ಯಾ?"

"ಮಾಡೋಳಿದ್ದೆ ಮಿಸ್."

"ಹೋದ ವಾರಾನೂ ಮಾಡೋಳಿದ್ದೆ. ಗಮನ ಎಲ್ಲಿರುತ್ತೆ ನಿಂಗೆ?"

"ಮಿಸ್, ಗುಂಡಿನೇ ತಪ್ಪು ಜಾಗದಲ್ಲಿದೆ."

ಮಿಸ್ ಸೊಂಟದ ಮೇಲೆ ಕೈಯಿಟ್ಟರು. "ಕುಣಿಯೋಕೆ ಬರದವಳು ನೆಲ ಡೊಂಕು ಅಂದಳಂತೆ."

ಕ್ಲಾಸು ಗೊಳ್ಳೆಂದಿತು. ಮೊಂಡಿಯ ಕಿವಿ ಬಿಸಿಯಾಯಿತು. ಆದರೂ ಅವಳು ತಲೆ ತಗ್ಗಿಸಲಿಲ್ಲ.

"ನೆಲ ನಿಜವಾಗ್ಲೂ ಡೊಂಕಿದ್ರೆ, ಮಿಸ್?"

ನಗು ನಿಂತಿತು. ಮಿಸ್ ಮೇಜಿನ ಡ್ರಾಯರ್ ಎಳೆದು ಒಂದು ಬಿಳಿ ಹಾಳೆ ತೆಗೆದರು.

"ತಗೋ. ‘ನನ್ನ ಅಜಾಗರೂಕತೆಯಿಂದ ಹೀಗಾಯಿತು, ಕ್ಷಮಿಸಿ’ ಅಂತ ಬರಿ. ಅಮ್ಮನ ಸೈನ್ ಹಾಕಿಸ್ಕೊಂಡು ಬಾ. ಅಲ್ಲೀವರೆಗೂ ಲ್ಯಾಪ್‌ಟಾಪ್ ಮುಟ್ಟೋ ಹಾಗಿಲ್ಲ. ಕಂಪ್ಯೂಟರ್ ಪೀರಿಯಡ್‌ನಲ್ಲಿ ಹೊರಗಿನ ಬೆಂಚ್ ಮೇಲೆ ಕೂತ್ಕೋ."

"ಆಯಾ ಪುಟ?"

"ಶುಕ್ರವಾರ ಬೆಳಿಗ್ಗೆ ಪತ್ರ ಬಂದ್ರೆ ಆಯಾ ಪುಟ. ಇಲ್ಲಾಂದ್ರೆ ಆ ಜಾಗಕ್ಕೆ ಒಗಟು ಹಾಕ್ತೀವಿ."

ಸಂಜೆ ಗೇಟಿನ ಬಳಿ ಉದ್ದಣ್ಣ ಕಾದಿದ್ದ. "ಬರೆದು ಬಿಸಾಕೇ. ಒಂದು ಸಾಲು ತಾನೇ? ಆಯಾ ಪಾಪ ಕಣೇ."

ಅದೇ ಚುಚ್ಚಿದ್ದು. ಆಯಾ ಪಾಪ ಎಂದು ಮೊಂಡಿಗೂ ಗೊತ್ತಿತ್ತು. ಅವಳು ಹಾಳೆ ಮಡಚಿಕೊಂಡು ಮನೆಗೆ ನಡೆದಳು.

ಅಮ್ಮ ಹೊಲಿಗೆ ಮೆಷಿನ್ನಿನ ಮುಂದಿದ್ದಳು. ಆಸ್ಪತ್ರೆಗೆ ಕೊಡಬೇಕಾದ ನಲವತ್ತು ದಿಂಬಿನ ಕವರ್‌ಗಳಲ್ಲಿ ಇಪ್ಪತ್ತೈದು ಮುಗಿದು ಮಂಚದ ಮೇಲೆ ಗುಡ್ಡೆಯಾಗಿದ್ದವು. ಮೊಂಡಿ ಎಲ್ಲವನ್ನೂ ಹೇಳಿ ಮುಗಿಸುವ ತನಕ ಮೆಷಿನ್ ನಿಲ್ಲಲಿಲ್ಲ.

"ಬರೆದ್ರೆ ನಿನ್ನ ಕೈ ಸವೆಯುತ್ತಾ?" ಎಂದಳು ಅಮ್ಮ.

"ಸುಳ್ಳು ಬರೆದ್ರೆ ಸವೆಯುತ್ತೆ."

"ಬಾಯಿ ನೋಡು, ನನ್ನ ಕತ್ತರಿಗಿಂತ ಹರಿತ." ಅಮ್ಮ ಹೊಲಿಗೆಯಿಂದ ಕಣ್ಣು ತೆಗೆಯದೆ ಮೇಜಿನ ಮೇಲೆ ಕೈಯಾಡಿಸಿದಳು. ಅಲ್ಲಿ ಒಂದೇ ಅಳತೆಯ ಎರಡು ಕತ್ತರಿಗಳಿದ್ದವು. ಒಂದು ಬಟ್ಟೆಗೆ, ಇನ್ನೊಂದು ಕಾಗದಕ್ಕೆ. ಬಟ್ಟೆಯ ಕತ್ತರಿಯಲ್ಲಿ ಕಾಗದ ಕತ್ತರಿಸಿದರೆ ಅದರ ಹರಿತ ಹೋಗುತ್ತದೆ. ಆ ಮೇಲೆ ಎರಡು ದಿನ ಅಮ್ಮನ ಹತ್ತಿರ ಸುಳಿಯುವ ಹಾಗಿಲ್ಲ. ಅಮ್ಮನ ಬೆರಳು ಕಾಗದದ ಕತ್ತರಿಯನ್ನು ಮುಟ್ಟಿ, ಬಿಟ್ಟು, ಬಟ್ಟೆಯದನ್ನು ಎತ್ತಿಕೊಂಡಿತು. ಅದರ ಹಿಡಿಗೆ ಒರಟು ಬಟ್ಟೆಯ ಪಟ್ಟಿ ಸುತ್ತಿತ್ತು.

ದಿನಾ ನೋಡುವ ಕತ್ತರಿಯೇ. ಮೊಂಡಿ ಅಂದೇ ಅದನ್ನು ಸರಿಯಾಗಿ ನೋಡಿದ್ದು.

"ಅದಕ್ಕೆ ಬಟ್ಟೆ ಯಾಕಮ್ಮ ಸುತ್ತಿದ್ದೀಯ?"

"ಮೊದ್ಲು ಇರ್ಲಿಲ್ಲ. ನೂರು ಸಲ ತಪ್ಪು ಕತ್ತರಿ ಎತ್ಕೊಂಡಿದ್ದೀನಿ. ಕಣ್ಣು ಹೊಲಿಗೆ ಮೇಲಿರುತ್ತೆ, ಕತ್ತರಿ ಹುಡುಕೋದು ಕೈ. ಕೈಗೆ ಕಣ್ಣಿದ್ಯಾ?"

"ನೂರು ಸಲ ತಪ್ಪು ಮಾಡಿದಾಗ ನೀನು ಪತ್ರ ಬರೆದ್ಯಾ?"

"ಯಾರಿಗೆ ಬರೀಲಿ, ಕತ್ತರಿಗಾ?" ಎಂದು ಅಮ್ಮ ನಕ್ಕಳು. ಆಮೇಲೆ ಮೆಷಿನ್ ನಿಲ್ಲಿಸಿ, ಮಗಳ ಕೈಯಲ್ಲಿದ್ದ ಬಿಳಿ ಹಾಳೆಯನ್ನು ನೋಡಿದಳು. ‘ಬರಿ’ ಎಂದು ಮತ್ತೆ ಹೇಳಲಿಲ್ಲ.

ಬುಧವಾರ ಮೊಂಡಿ ಹೊರಗಿನ ಬೆಂಚಿನ ಮೇಲೆ ಕೂತಳು. ಬೆಂಚಿನ ಪಕ್ಕದಲ್ಲೇ ಕಂಪ್ಯೂಟರ್ ರೂಮಿನ ಕಿಟಕಿ. ಮುಟ್ಟುವ ಹಾಗಿಲ್ಲ ಎಂದಿದ್ದರು ಮಿಸ್. ನೋಡುವ ಹಾಗಿಲ್ಲ ಎಂದಿರಲಿಲ್ಲ.

ಊಟದ ಬಿಡುವಿನಲ್ಲೂ ಅವಳು ಅಲ್ಲೇ ಇದ್ದಳು. ಆಟದ ಮೇಷ್ಟ್ರು ಓಟದ ಪಂದ್ಯದ ಪಟ್ಟಿ ಮಾಡಲು ಬಂದರು. ಪ್ಯಾಡ್ ನಡುವೆ ಇದೆಯೆಂದು ಬೆರಳು ಆಡಿಸಿ, ಇಲ್ಲದ್ದು ಕಂಡು, ಎಡಕ್ಕೆ ಹುಡುಕಿಕೊಂಡು ಹೋದರು. ಆಮೇಲೆ ಒಂದು ಹೆಸರು ತಪ್ಪಾಯಿತು. ಅವರ ಕೈ ನೇರವಾಗಿ ಮೂಲೆಗೆ ಹೋಯಿತು.

ಪರದೆ ಕಪ್ಪು.

"ಥತ್! ಈ ನನ್ನ ದಪ್ಪ ಬೆರಳು!" ಮೇಷ್ಟ್ರು ತಮ್ಮ ಬೆರಳಿಗೇ ಒಂದು ಏಟು ಹಾಕಿದರು.

ಮೂರು ಗಂಟೆಯ ಸಣ್ಣ ಬಿಡುವಿನಲ್ಲಿ ಲೈಬ್ರರಿ ಸರ್. ಅವರೂ ಮೂಲೆಗೇ ಹೋದರು. "ವಯಸ್ಸಾಯ್ತು ನಂಗೆ. ಕೈ ನಡುಗುತ್ತೆ," ಎಂದು ಯಾರೂ ಇಲ್ಲದ ರೂಮಿಗೆ ಹೇಳಿಕೊಂಡರು. ಮೊಂಡಿಗೆ ಆಶ್ಚರ್ಯವಾಯಿತು. ಹರಿದ ಪುಸ್ತಕ ಹೊಲಿಯುವಾಗ ಒಂದೇ ಸಲಕ್ಕೆ ಸೂಜಿಗೆ ದಾರ ಪೋಣಿಸುವ ಕೈ ಅದು.

ಗುರುವಾರ ಊಟದ ಬಿಡುವಿನಲ್ಲಿ ಹೆಡ್ ಮೇಡಮ್‌ಗೆ ವಿಡಿಯೋ ಮೀಟಿಂಗ್ ಇತ್ತು. ಕ್ಯಾಮೆರಾ ಕೆಳಗಿದ್ದದ್ದರಿಂದ ಪರದೆಯ ತುಂಬ ಮೇಡಮ್ಮಿನ ಎರಡು ಮೂಗಿನ ಹೊಳ್ಳೆಗಳು ಕಂಡವು. ಮೇಡಮ್ ಗಂಭೀರವಾಗಿ ಗಲ್ಲ ಎತ್ತಿದರು. ಹೊಳ್ಳೆ ಇನ್ನೂ ದೊಡ್ಡದಾಯಿತು. ಮೊಂಡಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಮೀಟಿಂಗ್ ಮುಗಿದ ಮೇಲೆ ಮೇಡಮ್ ಒಂದು ಕಾಗದ ಟೈಪ್ ಮಾಡಲು ಹೊರಟರು. ನಾಲ್ಕನೇ ಸಾಲಿಗೆ ಮೂಲೆ.

"ಕನ್ನಡಕ ಬದಲಾಯಿಸ್ಬೇಕು," ಎಂದು ಗೊಣಗಿ ಎದ್ದು ಹೋದರು.

ಮೊಂಡಿ ಬೆಂಚಿನ ಮೇಲೆ ನೆಟ್ಟಗೆ ಕೂತಳು. ಒಬ್ಬರು ಬೆರಳಿಗೆ ಬೈದರು. ಒಬ್ಬರು ವಯಸ್ಸಿಗೆ. ಒಬ್ಬರು ಕನ್ನಡಕಕ್ಕೆ. ಲ್ಯಾಪ್‌ಟಾಪಿಗೆ ಯಾರೂ ಒಂದು ಮಾತೂ ಅನ್ನಲಿಲ್ಲ!

ಶಾಲೆ ಬಿಟ್ಟ ಮೇಲೆ ಬ್ಯಾಗು ತೆಗೆದುಕೊಳ್ಳಲು ಅವಳು ಮತ್ತೆ ಬೆಂಚಿನ ಬಳಿ ಬಂದಳು. ರೂಮಿನಲ್ಲಿ ಕಂಪ್ಯೂಟರ್ ಮಿಸ್ ಒಬ್ಬರೇ ಇದ್ದರು, ಅಂಕಪಟ್ಟಿ ತುಂಬಿಸುತ್ತಿದ್ದರು. ಟಕಟಕ ಶಬ್ದ ಬೇಗಬೇಗ ಕೇಳುತ್ತಿತ್ತು. ಥಟ್ಟನೆ ನಿಂತಿತು.

ಮಿಸ್ಸಿನ ಮುಖದ ಮೇಲಿದ್ದ ಪರದೆಯ ಬೆಳಕು ಆರಿಹೋಯಿತು.

ಸಿಕ್ಕಿಬಿದ್ದರು! ಕಿಟಕಿಗೆ ಮುಖವಿಟ್ಟು ‘ನೆಲ ಡೊಂಕಾ ಮಿಸ್?’ ಎಂದು ಕೂಗಬೇಕು. ಮೊಂಡಿ ಬಾಯಿ ತೆರೆದೂ ಬಿಟ್ಟಳು.

ಮಿಸ್ ಎರಡೂ ಅಂಗೈಗಳಲ್ಲಿ ಮುಖ ಇಟ್ಟುಕೊಂಡರು. "ನಂಗೇ ಬರಲ್ಲ," ಎಂದರು ಸಣ್ಣ ದನಿಯಲ್ಲಿ. "ಮಕ್ಳಿಗೇನು ಕಲಿಸ್ತೀನಿ ನಾನು."

ಅವರ ಕಿವಿ ಕೆಂಪಾಗಿತ್ತು. ಅದು ಎಷ್ಟು ಬಿಸಿಯಾಗಿರುತ್ತದೆ ಎಂದು ಮೊಂಡಿಗೆ ಗೊತ್ತಿತ್ತು. ಅವಳು ಬಾಯಿ ಮುಚ್ಚಿ, ಬೆಂಚು ಕಿರ್ ಎನ್ನದ ಹಾಗೆ ಬ್ಯಾಗು ಎತ್ತಿಕೊಂಡು, ತುದಿಗಾಲಲ್ಲಿ ಹೊರಟಳು.

ಮನೆಯಲ್ಲಿ ಬಿಳಿ ಹಾಳೆ ಬಿಡಿಸಿ ಬರೆಯಲು ಕೂತಳು. ಬರೆದು ಮುಗಿಸಿ ಅಮ್ಮನಿಗೆ ಕೊಟ್ಟಳು. ಅಮ್ಮ ಓದಿದಳು, ಇನ್ನೊಮ್ಮೆ ಓದಿದಳು.

"ಇದಕ್ಕೆ ಬೈದ್ರೆ?"

"ಬೈಲಿ."

"ಮೊಂಡಿ ಅಂತ ಸುಮ್ನೆ ಇಡಲಿಲ್ಲ ನಾನು." ಅಮ್ಮ ಕೆಳಗೆ ದೊಡ್ಡದಾಗಿ ಸೈನ್ ಹಾಕಿದಳು. ಆಮೇಲೆ ಚೂರು ಬಟ್ಟೆಯ ಚೀಲದಿಂದ ಒಂದಿಷ್ಟನ್ನು ಆರಿಸಿ ಮಗಳ ಮುಂದೆ ಸುರಿದಳು. "ಆ ಗುಂಡಿಗೆ ಬೇಕಾಗುತ್ತಲ್ಲ? ತಗೋ."

ಶುಕ್ರವಾರ ಬೆಳಿಗ್ಗೆ ಮಿಸ್ ಹಾಳೆ ಬಿಡಿಸಿದರು. ಉದ್ದಣ್ಣ ಹಿಂದಿನಿಂದ ಕತ್ತು ಚಾಚಿದ. ಅದರಲ್ಲಿ ಹೀಗಿತ್ತು:

‘ಮೂಲೆಯ ಗುಂಡಿ ಒತ್ತಿದವರು. ಒಂದು, ನಾನು. ಎರಡು ಸಲ ಒತ್ತಿದೆ. ಸೇವ್ ಮಾಡಿರಲಿಲ್ಲ, ಅದು ನನ್ನ ತಪ್ಪು. ಒತ್ತಿದ್ದು ನನ್ನ ತಪ್ಪಲ್ಲ. ಎರಡು, ಆಟದ ಮೇಷ್ಟ್ರು. ಬೆರಳು ದಪ್ಪ ಎಂದರು. ಮೂರು, ಲೈಬ್ರರಿ ಸರ್. ವಯಸ್ಸಾಯಿತು ಎಂದರು. ನಾಲ್ಕು, ಹೆಡ್ ಮೇಡಮ್. ಕನ್ನಡಕ ಬದಲಾಯಿಸಬೇಕು ಎಂದರು. ಐದು, ಇನ್ನೊಬ್ಬರು. ತನಗೇ ಬರುವುದಿಲ್ಲ ಎಂದರು. ಆದರೆ ಅವರಿಗೆ ಚೆನ್ನಾಗಿ ಬರುತ್ತದೆ.’

ಮಿಸ್ ‘ಐದು’ ಎಂದಿದ್ದ ಕಡೆ ಬೆರಳಿಟ್ಟರು.

"ಐದನೆಯವರ ಹೆಸರು ಯಾಕೆ ಬರೆದಿಲ್ಲ?"

"ಅವ್ರು ಆಗ್ಲೇ ತಮ್ಮನ್ನ ತಾವೇ ಬೈಕೊಂಡಿದ್ರು ಮಿಸ್. ಸಾಕು ಅನ್ನಿಸ್ತು."

"ಯಾರೇ ಅದು?" ಎಂದ ಉದ್ದಣ್ಣ.

"ನಿಂಗ್ಯಾಕೆ? ಚಿತ್ರ ಬಿಡಿಸು ಹೋಗು."

ಮಿಸ್ ಹಾಳೆಯನ್ನು ಮಡಚಿದರು. "ಲ್ಯಾಪ್‌ಟಾಪ್ ಕೊಟ್ಟ ಅಂಗಡಿಯವ್ರಿಗೆ ನಿನ್ನೆ ಸಂಜೆ ಫೋನ್ ಮಾಡಿದ್ದೆ ನಾನು," ಎಂದರು ಮೆಲ್ಲಗೆ. "ಏನಂದ್ರು ಗೊತ್ತಾ? ‘ಅದನ್ನ ಒತ್ಬೇಡಿ ಮೇಡಮ್, ಅಷ್ಟೇ’ ಅಂದ್ರು."

ಮೊಂಡಿ ಜೇಬಿನಿಂದ ಬಟ್ಟೆಯ ಚೂರುಗಳನ್ನು ತೆಗೆದು ಮೇಜಿನ ಮೇಲಿಟ್ಟಳು. "ಮೂಲೆ ಗುಂಡಿಗೆ ಅಂಟಿಸಿ ನೋಡೋಣ್ವಾ ಮಿಸ್? ಕೈಗೆ ಗೊತ್ತಾಗುತ್ತೆ."

ಮೊದಲು ವೆಲ್ವೆಟ್ ಇಟ್ಟು ನೋಡಿದರು. ಲ್ಯಾಪ್‌ಟಾಪ್ ಮೆತ್ತಗೆ ಮುಚ್ಚಿದರೆ ಆ ಮೂಲೆ ಕೂರಲೇ ಇಲ್ಲ. "ನಿಲ್ಲಿ ನಿಲ್ಲಿ, ಒತ್ಬೇಡಿ, ಪರದೆ ಒಡೆಯುತ್ತೆ!" ಎಂದು ಉದ್ದಣ್ಣ ಬೊಬ್ಬೆ ಹಾಕಿದ. ಅಷ್ಟು ತೆಳ್ಳನೆಯ ಲ್ಯಾಪ್‌ಟಾಪಿಗೆ ಒಂದು ಚೂರು ವೆಲ್ವೆಟ್ ಕೂಡ ದಪ್ಪವೇ. ಜೀನ್ಸ್ ಬಟ್ಟೆಯೂ ಆಗಲಿಲ್ಲ. ಕೊನೆಗೆ ಉಳಿದದ್ದು ಅಂಗಿಯ ಕಾಲರ್ ಒಳಗಿಡುವ ಬಟ್ಟೆ. ಕಾಗದದಷ್ಟು ತೆಳು, ಆದರೆ ಬೆಕ್ಕಿನ ನಾಲಿಗೆಯಷ್ಟು ಒರಟು. ಮೊಂಡಿ ಅದನ್ನು ಗುಂಡಿಯ ಅಳತೆಗೆ ಕತ್ತರಿಸಿ ಅಂಟಿಸಿದಳು. ಮುಚ್ಚಿದರು. ಸದ್ದಿಲ್ಲದೆ ಮುಚ್ಚಿಕೊಂಡಿತು.

ಅಂಟು ಒಣಗಿದ ಮೇಲೆ ಮಿಸ್ಸೇ ಮೊದಲು ಕೂತರು. ಬೇಗಬೇಗ ಒಂದು ಸಾಲು ಟೈಪ್ ಮಾಡಿದರು, ಬೇಕೆಂದೇ ಒಂದು ಅಕ್ಷರ ತಪ್ಪಾಗಿ ಒತ್ತಿದರು. ಪರದೆಯ ಮೇಲೆ ಕಣ್ಣಿಟ್ಟಿದ್ದ ಹಾಗೆಯೇ ಅವರ ಕೈ ಮೂಲೆಗೆ ಹೋಯಿತು. ಒರಟು ತಾಗಿತು. ಬೆರಳು ನಿಂತಿತು, ಒಂದು ಮನೆ ಎಡಕ್ಕೆ ಸರಿಯಿತು, ಒತ್ತಿತು. ಅಕ್ಷರವೊಂದೇ ಅಳಿಸಿಹೋಯಿತು.

ಮಿಸ್ ತಮ್ಮ ಬೆರಳನ್ನು ತಿರುಗಿಸಿ ನೋಡಿಕೊಂಡರು, ಅದು ಈಗ ತಾನೇ ಸಿಕ್ಕಿದ್ದೋ ಎಂಬಂತೆ.

"ನೆಲ ಸ್ವಲ್ಪ ಡೊಂಕೇ ಇದೆ," ಎಂದರು.

ಆಮೇಲೆ ಎದ್ದು, ಕುರ್ಚಿಯನ್ನು ಮೊಂಡಿಯ ಕಡೆಗೆ ಎಳೆದು ಹಿಡಿದರು. "ಕೂತ್ಕೋ. ಹನ್ನೊಂದಕ್ಕೆ ಪ್ರಿಂಟ್. ಆಯಾ ಎರಡು ಸಲ ಬಂದು ಕೇಳಿ ಹೋದ್ರು."

ಮೊಂಡಿ ಕೂತಳು. ಮಿಸ್ ಸಾರಿ ಹೇಳುತ್ತಾರೇನೋ ಎಂದು ಒಂದು ಗಳಿಗೆ ಕಾದಳು. ಹೇಳಲಿಲ್ಲ. ಆದರೆ ಕುರ್ಚಿಯ ಬೆನ್ನಿನ ಮೇಲಿಟ್ಟ ಅವರ ಕೈ ಹಾಗೇ ಇತ್ತು. ಇದೂ ಅದೇ ಇರಬಹುದು ಎಂದುಕೊಂಡಳು.

ಹೊರಗೆ ಎರಡನೇ ಪೀರಿಯಡ್ಡಿನ ಗಂಟೆ ಹೊಡೆಯಿತು, ಎಂದಿಗಿಂತ ಸ್ವಲ್ಪ ಜೋರಾಗಿ.

‘ಆಯಾ, ನಿಮಗೆ ಗಂಟೆ ಹೊಡೆಯುವುದನ್ನು ಯಾರು ಕಲಿಸಿದರು?’ ಎಂದು ಮೊಂಡಿ ಮೊದಲ ಸಾಲು ಟೈಪ್ ಮಾಡಿದಳು.

ಎರಡನೇ ಸಾಲಿಗೆ ಹೋಗುವ ಮೊದಲು, ಯಾರೂ ಹೇಳದೆಯೇ, ಸೇವ್ ಒತ್ತಿದಳು.