ಮೂರು ಮೀಟರಿನ ಹೊಟ್ಟೆಕಿಚ್ಚು

ಕ್ಯಾಪ್ಟನ್ ಕೈ ಚಾಚಿದ. ಅವಳು ಆ ಕೈ ಹಿಡಿದೇ ಹಡಗು ಹತ್ತಿದಳು.

ಕೆಳಗೆ ಕಟ್ಟೆಯ ಮೇಲೆ ನಿಂತಿದ್ದ ಟೇಪಿನವನಿಗೆ ಅದೊಂದೇ ಕಂಡಿತು. ಏಳು ವರ್ಷ ಅವಳೊಂದಿಗೆ ಹಡಗು ಅಳೆದವನು. ಅವನ ಕೈಯನ್ನು ಅವಳು ಒಮ್ಮೆಯೂ ಹಿಡಿದಿರಲಿಲ್ಲ. ಅವನು ಚಾಚಿರಲೂ ಇಲ್ಲ, ಅದು ಬೇರೆ ಮಾತು.

ಅವಳು ಹಾಯಿಹಡಗುಗಳ ರೇಸಿನ ಮಾಪನಾಧಿಕಾರಿ. ಅಡ್ಡಲಾಗಿ ಚೌಕ ಹಾಯಿ ಕಟ್ಟಿದ ಹಡಗು ಎಷ್ಟೇ ಉದ್ದವಿರಲಿ, 'ಎ' ವರ್ಗ. ಉದ್ದಕ್ಕೆ ಹಾಯಿ ಕಟ್ಟಿದ್ದು ನಲವತ್ತು ಮೀಟರ್ ಮುಟ್ಟಿದರೆ 'ಎ', ಇಲ್ಲವಾದರೆ 'ಬಿ'. ಮೂತಿಯಿಂದ ಮುಂದಕ್ಕೆ ಚಾಚಿದ ಕಂಬ ಲೆಕ್ಕಕ್ಕಿಲ್ಲ. ಅಳೆಯುವುದು ಒಡಲನ್ನು ಮಾತ್ರ. ಕ್ಯಾಪ್ಟನ್ನನ ಹಡಗಿನದು ಉದ್ದದ ಹಾಯಿ.

ಮೇಲೆ ಕ್ಯಾಪ್ಟನ್ ಏನೋ ಹೇಳಿದ. ಅವಳು ತಲೆ ಹಿಂದಕ್ಕೆ ವಾಲಿಸಿ ನಕ್ಕಳು, ನಗುತ್ತಲೇ ಒಮ್ಮೆ ಕೆಳಗೆ ನೋಡಿದಳು. ಟೇಪಿನವನು ಟೇಪನ್ನು ಚಾಚಿದ ಕಂಬದ ತುದಿಯವರೆಗೂ ಎಳೆದ. ನಲವತ್ತೆರಡು ಪಾಯಿಂಟ್ ನಾಲ್ಕು ಎಂದು ಬರೆದುಕೊಂಡ.

ಮಧ್ಯಾಹ್ನ ಆಫೀಸಿನಲ್ಲಿ ಅವಳು ಆ ಹಾಳೆಯನ್ನು ಅವನ ಮುಂದಿಟ್ಟಳು.

"ಇದೇನ್ರೀ ಇದು?"

"ಅಳತೆ."

"ಮುಂದಿನ ಮೂರು ಮೀಟರ್ ಮೂಗೂ ಸೇರಿಸಿ ಅಳೆದಿದ್ದೀರಿ."

"ಕಣ್ತಪ್ಪು."

"ಏಳು ವರ್ಷದಲ್ಲಿ ತಪ್ಪದ ಕಣ್ಣು ಇವತ್ತೇ ತಪ್ಪಿತಾ? ನಾನು ಸಹಿ ಹಾಕಿಬಿಟ್ಟಿದ್ರೆ ಅವರ ರೇಸೂ ಹಾಳು, ನನ್ನ ಕೆಲಸವೂ ಹೋಗ್ತಿತ್ತು."

ಅವನು ಹಾಳೆಯನ್ನು ಮಗುಚಿಟ್ಟ.

"'ಎ' ವರ್ಗ ನಾಳೆ ಹೊರಡುತ್ತೆ," ಎಂದ. "'ಬಿ' ಆದ್ರೆ ಅವನು ಇನ್ನೂ ನಾಲ್ಕು ದಿನ ಇಲ್ಲೇ ಇರ್ತಾನೆ."

"ಇದ್ರೆ ನಿಮ್ಮ ಗಂಟೇನು ಹೋಗುತ್ತೆ?"

"ನೀವು ಅವನ ಹತ್ರ ನಗ್ತೀರಿ."

ಅವಳು ಕುರ್ಚಿ ಎಳೆದು ಎದುರಿಗೆ ಕೂತಳು. ಸಿಟ್ಟು ಮುಖದಲ್ಲಿ ಇನ್ನೂ ಇತ್ತು, ದನಿಯಲ್ಲಿ ಇರಲಿಲ್ಲ.

"ಅವರು ಏನಂದ್ರು ಗೊತ್ತಾ? 'ಕೆಳಗೆ ನಿಂತವರು ನನ್ನನ್ನ ನುಂಗೋ ಹಾಗೆ ನೋಡ್ತಿದ್ದಾರಲ್ಲ, ನಿಮ್ಮ ಯಜಮಾನ್ರಾ?' ಅಂತ ಕೇಳಿದ್ರು."

"ನೀವೇನಂದ್ರಿ?"

"ಇನ್ನೂ ಇಲ್ಲ ಅಂದೆ."

ಅವನ ಕಿವಿ ಕೆಂಪಾಯಿತು. ಏಳು ವರ್ಷ ನುಂಗಿಕೊಂಡಿದ್ದ ಮಾತು ಆಗ ಬಂತು.

"ನೀವು ಅಂದ್ರೆ ನನಗೆ ಇಷ್ಟ ರೀ. ಮೊದಲ ವರ್ಷದಿಂದ."

"ಅದು ಈ ಬಂದರಿಗೆಲ್ಲ ಗೊತ್ತು. ಈಗ ಹೋಗಿ ಕ್ಯಾಪ್ಟನ್ ಹತ್ರ ತಪ್ಪೊಪ್ಪಿಕೊಳ್ಳಿ, ಸರಿಯಾಗಿ ಅಳೆದು ಬನ್ನಿ. ಸುಳ್ಳು ಅಳತೆ ಬರೆಯೋರನ್ನ ನಾನು ಅಪ್ಪನಿಗೆ ಹೇಗೆ ತೋರಿಸಲಿ?"

ಅವನು ಎದ್ದ. ಬಾಗಿಲ ಹತ್ತಿರ ನಿಂತ.

"ಅಪ್ಪ ಎಷ್ಟು ಹೊತ್ತಿಗೆ ಮನೇಲಿರ್ತಾರೆ?"

"ಆರಕ್ಕೆ. ಮೊದಲು ನಡೀರಿ."