ಮೇಲ್ಸೇತುವೆಯ ಕೆಳಗಿನ ಮುಖ

"ಏನು ಬೇಕಾದ್ರೂ ಬರಿ. ಹೂವು ಬರಿ, ಹಕ್ಕಿ ಬರಿ, ಮೀನು ಬರಿ. ಉಸಿರಾಡ್ತಿರೋರ ಮುಖ ಮಾತ್ರ ಈ ಗೋಡೆ ಮೇಲೆ ಬರೀಬೇಡಪ್ಪ."

ಹೀಗೆಂದವನು ಬೀಗದಜ್ಜ. ಮೇಲ್ಸೇತುವೆಯ ಕಂಬಕ್ಕೆ ಒರಗಿಸಿದ ಪೆಟ್ಟಿಗೆಯಂಥ ಅಂಗಡಿಯಲ್ಲಿ ಕೂತು ಜನರಿಗೆ ನಕಲಿ ಕೀಲಿ ಉಜ್ಜಿಕೊಡುವುದು ಅವನ ಕೆಲಸ. ಸುಡು ಬೇಸಿಗೆಯಲ್ಲೂ ಕೆನ್ನೆ ಮುಚ್ಚುವಂತೆ ಮಫ್ಲರ್ ಸುತ್ತಿಕೊಂಡಿರುತ್ತಿದ್ದ. ಹೇಳಿಸಿಕೊಂಡವನು ಗೋಡೆರಾಯ. ಅದು ಹೆತ್ತವರು ಇಟ್ಟ ಹೆಸರಲ್ಲ. ಬೀದಿ ಗೋಡೆಗಳ ಮೇಲೆ ಚಿತ್ರ ಬರೆಯುವ ಗೆಳೆಯರು ಕೊಟ್ಟ ಬಿರುದು. ಆ ನಗರಕ್ಕೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ, ಆಗಲೇ ಅವನ ತಲೆ ಮೇಲ್ಸೇತುವೆಗೆ ತಾಗುವಷ್ಟು ಎತ್ತರಕ್ಕೆ ಹೋಗಿತ್ತು.

"ಉಸಿರಾಡದೇ ಇರೋರ ಮುಖ ಬರೆದು ನನಗೇನು ಲಾಭ ಅಜ್ಜ? ಅವರು ಎದ್ದು ಬಂದು ಹೊಗಳ್ತಾರಾ?" ಎಂದು ನಕ್ಕ. ಅಜ್ಜ ಏನೋ ತೋರಿಸಲೆಂದು ಮಫ್ಲರಿಗೆ ಕೈಹಾಕಿದ. ಗೋಡೆರಾಯ ಅಷ್ಟರಲ್ಲಿ ಬೆನ್ನು ತಿರುಗಿಸಿದ್ದ.

ಅದು ಎಂದೋ ಮುಚ್ಚಿಹೋದ ಗೋದಾಮಿನ ಪಕ್ಕದ ಗೋಡೆ. ಮೇಲೆ ಸೇತುವೆ ಬಂದಮೇಲೆ ನಡುಹಗಲಲ್ಲೂ ಅಲ್ಲಿ ಮುಸ್ಸಂಜೆಯೇ. ಉಚ್ಚೆಯ ಘಾಟು, ಒದ್ದೆ ಸುಣ್ಣದ ವಾಸನೆ, ಹೊಗೆ. ಸೇತುವೆಯ ಕೀಲಿನ ಮೇಲೆ ಗಾಡಿ ಹಾಯ್ದಾಗಲೆಲ್ಲ ಧಡ್ ಧಡ್ ಎನ್ನುವ ಸದ್ದು, ಯಾರೋ ಒಳಗಿನಿಂದ ಬಾಗಿಲು ಬಡಿಯುತ್ತಿರುವಂತೆ. ನಗರದ ಕಲಾಸಂಘದವರು ಗೋಡೆಗಳನ್ನು ಹಂಚುವಾಗ ಇದನ್ನು ಯಾರೂ ಮುಟ್ಟಿರಲಿಲ್ಲ. ಬೇಡವೆಂದದ್ದನ್ನೇ ಮಾಡುವುದು ಗೋಡೆರಾಯನಿಗೆ ಹುಟ್ಟುಗುಣ, ಹಾಗಾಗಿ ಇದನ್ನೇ ಕೇಳಿ ಪಡೆದ.

ಏಣಿ ನಿಲ್ಲಿಸಲೆಂದು ಗೋಡೆಯ ಬುಡದ ಕಸ ಕೆದಕಿದಾಗ ಕಪ್ಪು ದಾರ ಸುತ್ತಿದ ಗಂಟೊಂದು ಸಿಕ್ಕಿತು. "ಮುಟ್ಟಬೇಡ!" ಎಂದು ಅಜ್ಜ ಕೂಗಿದ್ದು ಕೇಳಿಸಿತು. ಮುಟ್ಟಿದ್ದಷ್ಟೇ ಅಲ್ಲ, ಬಿಚ್ಚಿದ. ಹೆಣ್ಣಿನ ಉದ್ದ ಕೂದಲ ಉಂಡೆ, ತುಕ್ಕು ಹಿಡಿದ ಮೊಳೆಗಳು, ಡಾಂಬರು ಮೆತ್ತಿ ಒರಟಾದ ಒಂದು ಬಟ್ಟೆ.

"ಬ್ರಷ್ ಒರೆಸೋಕೆ ಬಟ್ಟೆ ತರೋದು ಮರೆತಿದ್ದೆ ಅಜ್ಜ. ಯಾರೋ ಪುಣ್ಯಾತ್ಮರು ಇಟ್ಟು ಹೋಗಿದ್ದಾರೆ!"

ಅಜ್ಜ ಅಂಗಡಿಯ ಬಾಗಿಲೆಳೆದು ಬೀಗ ಹಾಕಿ ಮನೆಗೆ ಹೋದ.

ಇನ್ನು ಯಾರ ಮುಖ ಬರೆದ ಎನ್ನುವುದನ್ನು ಹೇಳಬೇಕು. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳಬೇಕು. ಅವನು ಬರೆದದ್ದು ಅಮ್ಮನ ಮುಖ.

ಅವಳು ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ದುಡಿದು ಮಗಳನ್ನೂ ಮಗನನ್ನೂ ಸಾಕಿದವಳು. ಅಲ್ಲಿಯ ಹಬೆಯ ಕೊಳವೆ ಒಂದು ದಿನ ಸಿಡಿದು ಅವಳ ಕೆಳತುಟಿಯಿಂದ ಕತ್ತಿನವರೆಗೆ ಚರ್ಮ ಕರಗಿ, ಮುದುಡಿ, ಒಂದು ಪಕ್ಕಕ್ಕೆ ಎಳೆದುಕೊಂಡಿತ್ತು. ಅಂದಿನಿಂದ ಅವಳು ಶಾಲಿನಿಂದ ಬಾಯಿ ಮುಚ್ಚಿಕೊಂಡೇ ಬದುಕಿದವಳು. ಊಟಕ್ಕೆ ಕೂತರೆ ಎಲ್ಲರಿಗೂ ಬೆನ್ನು. ಮಗಳ ಮದುವೆಯ ಒಂದು ಫೋಟೊದಲ್ಲೂ ಅವಳಿಲ್ಲ. ಹೆತ್ತ ಮಕ್ಕಳೇ ಆ ಗಾಯವನ್ನು ನೆಟ್ಟಗೆ ನೋಡಿರಲಿಲ್ಲ.

ಅವಳೀಗ ಮಗಳ ಮನೆಯಲ್ಲಿದ್ದಳು, ನಗರದ ಇನ್ನೊಂದು ಮೂಲೆಯಲ್ಲಿ. ಒಂದು ಮಧ್ಯಾಹ್ನ ಗೋಡೆರಾಯ ಅಲ್ಲಿಗೆ ಹೋದಾಗ ಅಮ್ಮ ನಿದ್ದೆ ಮಾಡುತ್ತಿದ್ದಳು, ಶಾಲು ಜಾರಿತ್ತು. ಅವನು ಅದನ್ನು ಸರಿಪಡಿಸಿ ಹೊದಿಸಲಿಲ್ಲ. ಫೋನು ತೆಗೆದ. ಸದ್ದು ಬಾರದಂತೆ ಮಾಡಿ ಫೋಟೊ ಹೊಡೆದ.

ಅದೇ ಮುಖ ಗೋಡೆಯ ಮೇಲೆ ಎರಡಾಳು ಎತ್ತರಕ್ಕೆ ಎದ್ದಿತು. ಗಲ್ಲ ನೆಲದ ಹತ್ತಿರ, ಸುಟ್ಟ ತುಟಿ ದಾರಿಹೋಕರ ಎದೆಮಟ್ಟಕ್ಕೆ, ಒಂದೊಂದು ಸುಕ್ಕೂ ಕರಗಿದ ಮೇಣದಂತೆ ಸ್ಪಷ್ಟ. ಫೋಟೊದಲ್ಲಿ ಕಣ್ಣು ಮುಚ್ಚಿತ್ತು. ಗೋಡೆಯ ಮೇಲೆ ಅವನೇ ತೆರೆದ, ಅಗಲವಾಗಿ. ಕೊನೆಗೆ ಎಲ್ಲದರ ಮೇಲೆ ಗಾಜಿನಂಥ ಪಾರದರ್ಶಕ ಲೇಪ ಬಳಿದ. "ಮಳೆಗೆ ಜಗ್ಗಲ್ಲ, ಬಿಸಿಲಿಗೆ ಬಗ್ಗಲ್ಲ. ಇದರ ಮೇಲೆ ಯಾರು ಏನು ಬಳಿದ್ರೂ ಹಿಡಿಯಲ್ಲ, ಹಸಿ ಇದ್ದಾಗ ಒರೆಸಿದ್ರೆ ಮುಗೀತು. ಚಿತ್ರ ಮಾತ್ರ ನಾನು ಸತ್ತಮೇಲೂ ಇರುತ್ತೆ," ಎಂದು ಸಂಘದವರ ಮುಂದೆ ಬೀಗಿದ. ಗದ್ಗದ ದನಿಯಲ್ಲಿ "ನನ್ನ ತಾಯಿಗೆ ನಮನ" ಎಂದೂ ಸೇರಿಸಿದ. ಚಪ್ಪಾಳೆ ಬಿತ್ತು. ಉರಿಯುವ ಮನೆಯಲ್ಲಿ ಗಳ ಹಿರಿಯುವವರನ್ನು ಕಂಡಿದ್ದೇವೆ. ಇವನು ಸುಟ್ಟ ಅಮ್ಮನಲ್ಲೇ ಹಿರಿದ.

ಮಾರನೆಯ ಬೆಳಿಗ್ಗೆ ಅಕ್ಕ ಫೋನು ಮಾಡಿದಳು.

"ಅಮ್ಮಂಗೆ ರಾತ್ರಿಯೆಲ್ಲ ಕಣ್ಣು ಮುಚ್ಚೋಕಾಗಿಲ್ಲ ಕಣೋ. ರೆಪ್ಪೆನೇ ಬರ್ತಿಲ್ಲ. ಕೈಯಲ್ಲಿ ಎಳೆದ್ರೂ ಬರ್ತಿಲ್ಲ."

"ವಯಸ್ಸಾಯ್ತಲ್ವಾ ಅಕ್ಕ, ನಿದ್ದೆ ಕಮ್ಮಿಯಾಗಿರುತ್ತೆ. ಡಾಕ್ಟ್ರಿಗೆ ತೋರಿಸು," ಎಂದ. ಅವನಿಗೆ ಪತ್ರಿಕೆಯವರು ಕಾಯುತ್ತಿದ್ದರು.

ಡಾಕ್ಟರು ಕಣ್ಣಿಗೆ ಹನಿ ಕೊಟ್ಟರು. ರೋಗ ಗೊತ್ತಾಗಲಿಲ್ಲ. ಆ ವಾರವೆಲ್ಲ ಅಕ್ಕನ ಫೋನು ಬರುತ್ತಲೇ ಇತ್ತು. ಕೊನೆಗೆ ಬೇಸರದಿಂದಲೇ ಬಸ್ಸು ಹತ್ತಿ ಹೋದ.

ಬಾಗಿಲಲ್ಲೇ ವಾಸನೆ ಮೂಗಿಗೆ ಬಡಿಯಿತು. ಉಚ್ಚೆಯ ಘಾಟು. "ಈಗಷ್ಟೇ ಸ್ನಾನ ಮಾಡಿಸಿದೀನಿ. ಹೋಗ್ತಾನೇ ಇಲ್ಲ," ಎಂದು ಅಕ್ಕ ಅತ್ತಳು. ಅಮ್ಮ ಕಿಟಕಿಯ ಪಕ್ಕ ಕೂತಿದ್ದಳು, ಶಾಲು ಬಿಗಿಯಾಗಿ ಸುತ್ತಿಕೊಂಡು. ಕಣ್ಣು ಅಗಲವಾಗಿ ತೆರೆದಿತ್ತು, ಕೆಂಪಾಗಿತ್ತು. ಮಗನನ್ನು ಕಂಡು ಆ ಕಣ್ಣಲ್ಲೇ ನಕ್ಕಳು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರಲ್ಲ, ಸುಮ್ಮನೆ ಅಲ್ಲ.

"ಊಟ ಮಾಡಿದ್ಯಾ ಮಗಾ?"

ಅವನು ಉತ್ತರಿಸಲು ಬಾಯಿ ತೆರೆದ. ಆಗ ನೋಡಿದ. ಅಮ್ಮನ ಎಡಗೆನ್ನೆಯ ಮೇಲೆ ಏನೋ ಬಿತ್ತು. ಕಿಟಕಿಯಿಂದಲ್ಲ, ಬರೀ ಗಾಳಿಯಿಂದ. ದಪ್ಪನೆಯ ಎಂಜಲು. ನಿಧಾನವಾಗಿ ಕೆಳಗೆ ಜಾರಿತು. ಅಮ್ಮ ಅದನ್ನು ಶಾಲಿನ ತುದಿಯಿಂದ ಒರೆಸಿಕೊಂಡಳು. ಗಾಬರಿಯಾಗಲಿಲ್ಲ, ರೂಢಿಯಾದವಳಂತೆ ಒರೆಸಿಕೊಂಡಳು.

"ಸೋಮವಾರದಿಂದ ಹೀಗೇ," ಎಂದಳು ಅಕ್ಕ ಪಿಸುದನಿಯಲ್ಲಿ. "ಯಾರು ಉಗೀತಾರೆ ಅಂತ ಗೊತ್ತಾಗಲ್ಲ. ಮನೇಲಿ ನಾವಿಬ್ರೇ ಇರ್ತೀವಿ."

ಗೋಡೆರಾಯನಿಗೆ ಗೊತ್ತಾಯಿತು. ಬೆಳಿಗ್ಗೆ ಆ ದಾರಿಯಲ್ಲಿ ಬರುವಾಗ ಚಿತ್ರದ ಎಡಗೆನ್ನೆಯ ಮೇಲೆ ಒಬ್ಬ ಕ್ಯಾಕರಿಸಿ ಉಗಿದದ್ದನ್ನು ಅವನೇ ಕಂಡಿದ್ದ. ಗದರಲಿಲ್ಲ. ಲೇಪ ಇದೆಯಲ್ಲ, ಅಂಟುವುದಿಲ್ಲ ಎಂದುಕೊಂಡು ಬಸ್ಸು ಹಿಡಿದಿದ್ದ.

ಎದ್ದು ಓಡಿದ. ಬಸ್ಸಿನಲ್ಲಿರುವಾಗಲೇ ಮತ್ತೆ ಫೋನು. "ಅಮ್ಮನ ಬಾಯಿ ತೆರೀತಿಲ್ಲ ಕಣೋ! ತುಟಿ ಅಂಟಿಕೊಂಡ ಹಾಗಿದೆ!"

ಮೇಲ್ಸೇತುವೆಯ ಕೆಳಗೆ ಚಿತ್ರದ ಬಾಯಿಗೆ ಅಡ್ಡವಾಗಿ ಯಾರೋ ಪೋಸ್ಟರ್ ಮೆತ್ತಿದ್ದರು. ಕೂದಲು ಉದುರುವುದಕ್ಕೆ ಖಾತರಿ ಔಷಧಿ. ಅಂಟು ಇನ್ನೂ ಹಸಿಯಾಗಿತ್ತು. ಫೋನನ್ನು ಕಿವಿಗೆ ಒತ್ತಿಹಿಡಿದೇ ಉಗುರಿನಿಂದ ಕಿತ್ತ. "ತೆರೀತು," ಎಂದಿತು ಫೋನಿನಲ್ಲಿ ಅಕ್ಕನ ದನಿ.

ಅಳಿಸಬೇಕು. ಅವನಿಗೆ ಹೊಳೆದದ್ದು ಅಷ್ಟೇ. ಏಣಿಯ ಬುಡದಲ್ಲಿ ಉಳಿದಿದ್ದ ಬಿಳಿ ಪ್ರೈಮರ್ ಡಬ್ಬದ ಮುಚ್ಚಳ ಎಬ್ಬಿಸಿದ. ರೋಲರ್ ಅದ್ದಿದ.

"ಬೇಡ," ಎಂದ ಬೀಗದಜ್ಜ ಹಿಂದಿನಿಂದ. "ಮುಚ್ಚಬೇಡ. ಮುಚ್ಚಿದ್ರೆ..."

ಎಂದಾದರೂ ಅಜ್ಜನ ಮಾತು ಕೇಳಿದ್ದನೆ? ಗಲ್ಲಕ್ಕೆ ಬಳಿದ. ತುಟಿಗೆ ಬಳಿದ. ಮೂಗಿಗೆ ಬಳಿದ. ದಪ್ಪಗೆ, ಎರಡೆರಡು ಸಲ. ಮೇಲೆ ಸೇತುವೆ ಧಡ್ ಧಡ್ ಎಂದಿತು. ಜೇಬಿನಲ್ಲಿ ಫೋನು ಕಿರುಚಿತು. ತೆಗೆದು ಕಿವಿಗಿಟ್ಟ.

"ಉಸಿರು! ಅಮ್ಮಂಗೆ ಉಸಿರು ಸಿಕ್ತಿಲ್ಲ! ಮೂಗಲ್ಲಿ ಬಿಳೀದು ಏನೋ..."

ಫೋನು ಕೈಜಾರಿತು. ಕೆಳಗೆ ಬಿದ್ದೂ ಅಕ್ಕ ಕೂಗುತ್ತಲೇ ಇದ್ದಳು. ರೋಲರ್ ಎಸೆದ. ಅಂಗೈಯಿಂದ ಉಜ್ಜಿದ. ಬಿಳಿ ಹರಡಿತು. ಇನ್ನೂ ಹರಡಿತು. ಅಂಗಿ ಹರಿದು ಉಜ್ಜಿದ. ಹೋಗಲಿಲ್ಲ. ಥಿನ್ನರ್ ಸುರಿದ. ಘಾಟು ಕಣ್ಣಿಗೆ ಹೊಕ್ಕಿತು. ಹೋಗಲಿಲ್ಲ. ಹಿಡಿಯುವುದಿಲ್ಲ ಎಂದಿದ್ದ ಲೇಪದ ಮೇಲೆ ಬಿಳಿ ಹಿಡಿಯುತ್ತಿತ್ತು. ಒಣಗುತ್ತಿತ್ತು. ಫೋನಿನಲ್ಲಿ ಗೊರ ಗೊರ ಸದ್ದು. ಮೇಲೆ ಎರಡು ಕಣ್ಣು. ಅವನೇ ತೆರೆದ ಕಣ್ಣು. ಅವನನ್ನೇ ನೋಡುತ್ತಿದ್ದವು. ಕೆಳಗೆ ಕುಸಿದ. ಕೈ ತಡಕಾಡಿತು. ಒರಟಾದದ್ದೇನೋ ಸಿಕ್ಕಿತು. ಡಾಂಬರಿನ ಬಟ್ಟೆ. ಉಜ್ಜಿದ. ಬಿಳಿ ಬಿಟ್ಟುಕೊಂಡಿತು. ಮೂಗು ಕಂಡಿತು. ಮತ್ತೆ ಉಜ್ಜಿದ. ತುಟಿ ಕಂಡಿತು. ಉಜ್ಜಿದ. ಉಜ್ಜಿದ.

ಫೋನಿನೊಳಗೆ ಅಮ್ಮ ಕೆಮ್ಮಿದಳು. ಉದ್ದವಾಗಿ ಉಸಿರೆಳೆದಳು.

ಗೋಡೆರಾಯ ಗೋಡೆಗೆ ಹಣೆಯಿಟ್ಟು ಮಗುವಿನಂತೆ ಅತ್ತ. ಬೀಗದಜ್ಜ ಬಂದು ಪಕ್ಕದಲ್ಲಿ ಕೂತ. ಮಫ್ಲರ್ ಬಿಚ್ಚಿದ. ಕೆನ್ನೆಯಲ್ಲಿ ಕಿರುಬೆರಳು ತೂರುವಷ್ಟು ತೂತು, ಒಳಗಿನ ಹಲ್ಲು ಕಾಣುತ್ತಿತ್ತು.

"ನನ್ನ ಮೊಮ್ಮಗಳು ಆಟಕ್ಕೆ ಅಂತ ಚಾಕ್‌ನಲ್ಲಿ ನನ್ನ ಮುಖ ಬರೆದಿದ್ಲು ಇಲ್ಲಿ. ಯಾರೋ ಹಗ್ಗ ಕಟ್ಟೋಕೆ ಅದರ ಮೇಲೆ ಮೊಳೆ ಹೊಡೆದ. ಅವತ್ತೇ ಮಳೆ ನೀರು ಹರಿದು ಚಾಕ್ ತೊಳೆದುಹೋಯ್ತು. ಬದುಕಿಕೊಂಡೆ."

"ಯಾಕಜ್ಜ? ಈ ಗೋಡೆಗೆ ಏನಾಗಿದೆ?"

"ಗೋದಾಮಲ್ಲಿ ಒಬ್ಳು ಕೆಲಸ ಮಾಡ್ತಿದ್ಲು. ಕದ್ದಳು ಅಂತ ಹೇಳಿ ಮುಖಕ್ಕೆ ಡಾಂಬರು ಬಳಿದು ಇದೇ ಗೋಡೆಗೆ ನಿಲ್ಲಿಸಿದ್ರು. ಹೋಗೋರು ಬರೋರೆಲ್ಲ ಉಗಿದ್ರು. ಕದ್ದೋನು ಬೇರೆಯವನು ಅಂತ ಆಮೇಲೆ ಗೊತ್ತಾಯ್ತು. ಆದ್ರೂ ಅವಳ ಮುಖ ಒರೆಸೋಕೆ ಒಬ್ರೂ ಬರಲಿಲ್ಲ. ಅವಳೇ ಒರೆಸಿಕೊಂಡ್ಲು, ಈ ಬಟ್ಟೇಲಿ. ಅದನ್ನ ತನ್ನ ಕೂದಲ ಜೊತೆ ಇಲ್ಲಿ ಹೂತು ಮಾಟ ಮಾಡಿಟ್ಟು ಹೋದ್ಲು. ಇನ್ನು ಈ ಗೋಡೆಗೆ ಯಾರ ಮುಖ ಬಂದ್ರೂ ಒರೆಸ್ತಾ ಕೂತಿರಿ ಅಂದ್ಲಂತೆ." ಅಜ್ಜ ಉಸಿರುಬಿಟ್ಟ. "ಎಂಥ ಬೀಗಕ್ಕೂ ಕೀಲಿ ಮಾಡಿದೀನಿ. ಇದಕ್ಕೆ ನನ್ನ ಹತ್ರ ಇಲ್ಲ."

ಗಾರೆ ಸಮೇತ ಒಡೆದುಹಾಕಲೆ ಎಂದು ಕೇಳಲು ಹೊರಟ ಗೋಡೆರಾಯ ಬಾಯಿ ಮುಚ್ಚಿಕೊಂಡ. ಉಳಿ ಎಲ್ಲಿ ಇಳಿಯುತ್ತದೆ ಎಂದು ಅವನಿಗೆ ಗೊತ್ತಿತ್ತು.

ಆ ಸಂಜೆ ಅಮ್ಮನ ಕಾಲ ಬಳಿ ಕೂತ. ಅವಳೇ ಮಾತು ಶುರುಮಾಡಿದಳು.

"ಪಕ್ಕದ ಮನೆಯವಳು ಫೋನಲ್ಲಿ ತೋರಿಸಿದ್ಲು. ಅಷ್ಟು ದೊಡ್ಡದಾಗಿ ನಾನು ನನ್ನ ಮುಖಾನ ಕನ್ನಡೀಲೂ ನೋಡಿರಲಿಲ್ಲ." ಡಾಕ್ಟರು ಕೊಟ್ಟ ಹನಿಯನ್ನು ಕಣ್ಣಿಗೆ ಬಿಟ್ಟುಕೊಂಡಳು. "ಒಂದು ಮಾತು ಕೇಳಿದ್ರೆ ಬೇಡ ಅಂತಿದ್ದೆ ಕಣೋ."

"ಗೊತ್ತಿತ್ತಮ್ಮ," ಎಂದ. "ಅದಕ್ಕೇ ಕೇಳಲಿಲ್ಲ."

ಅಮ್ಮ ಬೈಯಲಿಲ್ಲ. ಶಾಲನ್ನು ಇನ್ನಷ್ಟು ಬಿಗಿಯಾಗಿ ಎಳೆದುಕೊಂಡಳು. ಬೈದಿದ್ದರೆ ಅವನಿಗೆ ಸಹಿಸಲು ಸುಲಭವಾಗುತ್ತಿತ್ತು. ಅವಳು ಶಾಲು ಎಳೆದುಕೊಂಡದ್ದು ತನ್ನಿಂದ ಮರೆಯಾಗಲು ಎಂದು ತಿಳಿದಾಗ ಅವನಿಗೆ ಭೂಮಿ ಬಾಯಿಬಿಟ್ಟು ನುಂಗಬಾರದೆ ಎನಿಸಿತು.

ಗೋಡೆರಾಯ ಆಮೇಲೆ ಯಾವ ಗೋಡೆಗೂ ಬಣ್ಣ ಮುಟ್ಟಿಸಲಿಲ್ಲ. ಬಾಡಿಗೆ ಕೋಣೆ ಬಿಟ್ಟು ಬೀಗದಜ್ಜನ ಅಂಗಡಿಯ ಪಕ್ಕದಲ್ಲೇ ತಗಡು ಹೊದಿಸಿಕೊಂಡು ಬಿದ್ದಿದ್ದಾನೆ. ಹಗಲೆಲ್ಲ ಗೋಡೆಯ ಮುಂದೆ ನಿಂತಿರುತ್ತಾನೆ. ಉಗಿಯಲು ಬಂದವರಿಗೆ ಅಡ್ಡ ನಿಲ್ಲುತ್ತಾನೆ, ಎಷ್ಟೋ ಸಲ ಅದು ಅವನ ಮುಖದ ಮೇಲೆಯೇ ಬೀಳುತ್ತದೆ. ತಪ್ಪಿಸಿಕೊಂಡು ಗೋಡೆಗೆ ಬಿದ್ದದ್ದನ್ನು ಡಾಂಬರಿನ ಬಟ್ಟೆಯಿಂದ ಒರೆಸುತ್ತಾನೆ. ಬೇರೆ ಬಟ್ಟೆಗೆ ಅದು ಹೋಗುವುದಿಲ್ಲ. ಕತ್ತಲಾಗುವ ಹೊತ್ತಿಗೆ ಏಣಿ ಹತ್ತಿ ಆ ಎರಡು ಕಣ್ಣುಗಳ ಮೇಲೆ ಕಪ್ಪು ಬಟ್ಟೆ ಇಳಿಬಿಟ್ಟು ಕಟ್ಟುತ್ತಾನೆ. ಸ್ವಲ್ಪ ಹೊತ್ತಿಗೆ ಅಕ್ಕ ಫೋನು ಮಾಡಿ "ಮಲಗಿದಳು" ಎನ್ನುತ್ತಾಳೆ. ಅವನು ಏಣಿಯ ಬುಡದಲ್ಲಿ ಎಚ್ಚರವಾಗಿ ಕೂರುತ್ತಾನೆ, ಯಾರಾದರೂ ಆ ಬಟ್ಟೆ ಎಳೆದಾರೆಂದು.

ಗೋಡೆಗೆ ಈಗ ಒಳ್ಳೆಯ ಹೆಸರು. ದೂರದಿಂದ ಜನ ಫೋಟೊ ಹೊಡೆದುಕೊಳ್ಳಲು ಬರುತ್ತಾರೆ. ಮೊನ್ನೆ ಒಬ್ಬ ಹುಡುಗಿ ಕ್ಯಾಮೆರಾ ಹಿಡಿದು ಬಂದವಳು ಬಹಳ ಹೊತ್ತು ನೋಡಿದಳು. ಬಟ್ಟೆ ಹಿಡಿದು ನಿಂತ ಕೊಳಕು ಗಡ್ಡದವನನ್ನು ಕಸ ಗುಡಿಸುವವನೆಂದುಕೊಂಡಳೋ ಏನೋ.

"ಅಬ್ಬಾ, ಆ ಗಾಯ ನೋಡಿ, ಜೀವ ಇರೋ ಹಾಗಿದೆ! ಯಾರು ಬರೆದಿದ್ದು ಅಂತ ಗೊತ್ತಾ ನಿಮಗೆ?"

ಅವನು ಮೇಲೆ ನೋಡಿದ. ಅಮ್ಮನ ಕಣ್ಣು ಅವನನ್ನೇ ನೋಡುತ್ತಿತ್ತು.

"ಯಾವನೋ ನಾಚಿಕೆಗೆಟ್ಟವನು," ಎಂದ. ತಿರುಗಿ ಗಲ್ಲ ಒರೆಸತೊಡಗಿದ.